ಟಿಎ ಜವಾನನ ಮನೆಯ ವರದಿ ಬರೆಯುವ ಮುನ್ನ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಉತ್ತರ ಕನ್ನಡ ಜಿಲ್ಲೆ, ಕಾರವಾರ
ಹಾಗೂ ಪ್ರಾದೇಶಿಕ ಸೇನೆಯ ಸಂಬಂಧಪಟ್ಟ ಅಧಿಕಾರಿಗಳಿಗೆ

ಮಾನ್ಯರೇ,

ಸೇನೆಯಲ್ಲಿರುವ ತಮ್ಮನ ವಿಷಯಕ್ಕೆ ಅಕ್ಕ ಯಾಕೆ ಪತ್ರ ಬರೆಯುತ್ತಿದ್ದಾಳೆ ಎಂದು ನೀವು ಕೇಳಬಹುದು. ಅವನು ಬರೆಯುವ ಹಾಗಿಲ್ಲ, ಅದಕ್ಕೆ. 1954ರ ಸೇನಾ ನಿಯಮಗಳ 21ನೇ ನಿಯಮದ ಪ್ರಕಾರ ಸೇನಾ ಕಾಯ್ದೆಗೆ ಒಳಪಟ್ಟವರು ಮೇಲಿನವರ ಒಪ್ಪಿಗೆಯಿಲ್ಲದೆ ಸೇವೆಯ ವಿಷಯವನ್ನು ಪತ್ರಿಕೆಗೋ ಸಾರ್ವಜನಿಕರಿಗೋ ಹೇಳಿಕೊಳ್ಳುವಂತಿಲ್ಲ. ಆ ನಿಯಮದ ಬಗ್ಗೆ ನನಗೆ ತಕರಾರಿಲ್ಲ, ಸೇನೆ ಎಂದಮೇಲೆ ಹಾಗೇ ಇರಬೇಕು. ಆದರೆ ಆ ನಿಯಮ ನನಗೆ ಅನ್ವಯಿಸುವುದಿಲ್ಲ. ನಾನು ಶಿರಸಿಯಲ್ಲಿ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ಪಹಣಿ, ವಂಶವೃಕ್ಷ, ಆದಾಯ ಪ್ರಮಾಣಪತ್ರ, ಅಫಿಡವಿಟ್ ಇವೇ ನನ್ನ ದಿನದ ಕೆಲಸ. ಅರ್ಜಿಗಳ ಮೇಲೆ ಬೀಳುವ ಷರಾಗಳನ್ನು ಓದಿ ಓದಿ ಯಾವ ವಾಕ್ಯ ಎಲ್ಲಿಂದ ಬಂತು, ಮುಂದೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಅಂದಾಜಾಗುವಷ್ಟು ಅನುಭವವಾಗಿದೆ.

ನನ್ನ ತಮ್ಮ ಪ್ರಾದೇಶಿಕ ಸೇನೆಯಲ್ಲಿದ್ದಾನೆ. ಟೆರಿಟೋರಿಯಲ್ ಆರ್ಮಿ, ಎಲ್ಲರ ಬಾಯಲ್ಲಿ ಟಿಎ. ಅವನ ಘಟಕ ಯಾವುದು, ಈಗ ಎಲ್ಲಿದ್ದಾನೆ ಎಂಬುದನ್ನು ಬರೆಯುವುದಿಲ್ಲ, ಬರೆಯಲೂಬಾರದು. ಮನೆಯ ಕಷ್ಟದ ಕಾರಣಕ್ಕೆ ಅವಧಿಗೆ ಮುಂಚೆ ಸೇವೆಯಿಂದ ಬಿಡುಗಡೆ ಕೊಡಿ ಎಂದು ಅವನು ಅರ್ಜಿ ಹಾಕಿದ್ದಾನೆ. ಅದನ್ನು ಒಪ್ಪುವುದು ಬಿಡುವುದು ಅವನ ಸಿಓ (ಕಮಾಂಡಿಂಗ್ ಆಫೀಸರ್) ಸಾಹೇಬರಿಗೆ ಬಿಟ್ಟ ವಿಷಯ. ಅದರಲ್ಲಿ ನನ್ನದೇನೂ ಶಿಫಾರಸಿಲ್ಲ. ನಾನು ಕೇಳುತ್ತಿರುವುದು ಅದರ ಹಿಂದಿನ ಒಂದು ಹೆಜ್ಜೆಯ ಬಗ್ಗೆ. ಜವಾನನ ಮನೆಯಲ್ಲಿ ನಿಜಕ್ಕೂ ಕಷ್ಟ ಇದೆಯೇ ಎಂದು ಸೇನೆ ಜಿಲ್ಲೆಯನ್ನು ಕೇಳುತ್ತದೆ. ಜಿಲ್ಲೆ ಉತ್ತರ ಬರೆಯುತ್ತದೆ. ಆ ಉತ್ತರ ಬರೆಯುವ ರೀತಿ ಬದಲಾಗಬೇಕು.

ಟಿಎ ಎಂದರೇನು ಎಂಬುದೇ ಊರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಧೋನಿ ಇರುವ ಮಿಲಿಟರಿ ಎಂದರೆ ಮಾತ್ರ ಹುಡುಗರು ‘ಓ’ ಅನ್ನುತ್ತಾರೆ. ಮಹೇಂದ್ರ ಸಿಂಗ್ ಧೋನಿಗೆ 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟಿದ್ದು ಇದೇ ಪ್ರಾದೇಶಿಕ ಸೇನೆಯಲ್ಲಿ. ಕಾಯ್ದೆ ಬಂದಿದ್ದು 1948ರಲ್ಲಿ, ಪಡೆಯನ್ನು ರಾಜಾಜಿ ಉದ್ಘಾಟಿಸಿದ್ದು 1949ರ ಅಕ್ಟೋಬರ್ 9ರಂದು. ಊರಲ್ಲಿ ತನ್ನದೊಂದು ಹೊಟ್ಟೆಪಾಡು ಇರುವ ಮನುಷ್ಯ ವರ್ಷದಲ್ಲಿ ಒಂದಿಷ್ಟು ಕಾಲ ತರಬೇತಿ ಪಡೆಯಬೇಕು, ದೇಶ ಕರೆದಾಗ ಸಮವಸ್ತ್ರ ತೊಟ್ಟು ಹೋಗಬೇಕು, ಕೆಲಸ ಮುಗಿದ ಮೇಲೆ ಮತ್ತೆ ಊರಿಗೆ ಬರಬೇಕು: ಟಿಎಯ ಮೂಲ ಕಲ್ಪನೆ ಇದು. 1962, 1965, 1971ರ ಯುದ್ಧಗಳಲ್ಲಿ ಟಿಎ ಪಡೆಗಳು ಕೆಲಸ ಮಾಡಿವೆ. 2024ರ ಜುಲೈಯಲ್ಲಿ ವಯನಾಡಿನ ಗುಡ್ಡ ಕುಸಿದಾಗ ಮಣ್ಣಿನಡಿಯಿಂದ ಜನರನ್ನು ತೆಗೆಯಲು ಹೋದವರಲ್ಲಿ ಮದ್ರಾಸ್ ರೆಜಿಮೆಂಟಿನ 122ನೇ ಟಿಎ ಬೆಟಾಲಿಯನ್ನಿನ ಜವಾನರೂ ಇದ್ದರು. ಅದೇ ತಿಂಗಳ 16ಕ್ಕೆ ನಮ್ಮ ಅಂಕೋಲೆಯ ಶಿರೂರಿನಲ್ಲೂ ಗುಡ್ಡ ಕುಸಿದಿತ್ತು. ಬೆಳಗಾವಿಯಿಂದ ಸೇನೆಯ ತಂಡ ಬಂದು ಗಂಗಾವಳಿಯ ದಂಡೆಯಲ್ಲಿ ಹುಡುಕುತ್ತಿದ್ದುದನ್ನು ಜಿಲ್ಲೆಯವರೆಲ್ಲ ನೋಡಿದ್ದೇವೆ. ಸಮವಸ್ತ್ರದ ಬೆಲೆ ನಮಗೆ ಗೊತ್ತಿಲ್ಲದ್ದಲ್ಲ.

ಈಗ ಕರೆ ಬರುವುದೂ ಹೆಚ್ಚಾಗಿದೆ. 2025ರ ಮೇ 6ರಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ಟಿಎ ನಿಯಮಗಳ 33ನೇ ನಿಯಮದಡಿ ಟಿಎಯಲ್ಲಿರುವ ಯಾರನ್ನು ಬೇಕಾದರೂ ಸೇವೆಗೆ ಕರೆಯುವ ಅಧಿಕಾರವನ್ನು ಭೂಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಇರುವ 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ಸೇವೆಗೆ ನಿಯೋಜಿಸಲು ಒಪ್ಪಿಗೆ ಸಿಕ್ಕಿತು. ಆ ಆದೇಶ 2028ರ ಫೆಬ್ರುವರಿ 9ರ ತನಕ ಜಾರಿಯಲ್ಲಿರುತ್ತದೆ. ‘ವರ್ಷಕ್ಕೆ ಎರಡು ತಿಂಗಳು ಹೋದರಾಯಿತು, ಉಳಿದಂತೆ ಊರಲ್ಲೇ’ ಎಂದುಕೊಂಡು ಸೇರಿದ ಹುಡುಗ ವರ್ಷಗಟ್ಟಲೆ ಹೊರಗಿರಬೇಕಾಗಬಹುದು. ಅದು ತಪ್ಪು ಎನ್ನಲು ಸಾಧ್ಯವಿಲ್ಲ. ಸಹಿ ಹಾಕುವಾಗಲೇ ಕರೆದಾಗ ಬರುತ್ತೇನೆ ಎಂದು ಒಪ್ಪಿಕೊಂಡಿರುತ್ತಾನೆ. ಆದರೆ ಸಹಿ ಹಾಕಿದ ದಿನ ಮನೆಯಲ್ಲಿದ್ದ ಪರಿಸ್ಥಿತಿ ಒಪ್ಪಿಕೊಂಡ ಏಳು ವರ್ಷವೂ ಹಾಗೇ ಇರುತ್ತದೆಂದು ಯಾರೂ ಬರೆದುಕೊಟ್ಟಿರುವುದಿಲ್ಲ.

ನಮ್ಮ ತವರುಮನೆ ಇರುವುದು ಅಘನಾಶಿನಿಯ ದಂಡೆಯಲ್ಲಿ, ಗಜನಿ ಬಯಲಿನ ಪಕ್ಕ. ಘಟ್ಟದ ಮೇಲಿನವರಿಗೆ ಗಜನಿ ಎಂದರೆ ವಿವರಿಸಬೇಕಾಗುತ್ತದೆ. ಹೊಳೆ ಸಮುದ್ರ ಸೇರುವ ಕಡೆ, ಭರತ (ಸಮುದ್ರದ ಉಬ್ಬರ) ಬಂದಾಗ ಉಪ್ಪುನೀರು ಏರುವ ತಗ್ಗು ಜಾಗಕ್ಕೆ ಒಡ್ಡು ಕಟ್ಟಿ ಮಾಡಿದ ಗದ್ದೆ ಅದು. ಅಲ್ಲಿ ಬೆಳೆಯುವುದು ಕಗ್ಗ. ಉಪ್ಪನ್ನೂ ನೆರೆಯನ್ನೂ ತಡೆದುಕೊಂಡು, ಗೊಬ್ಬರ ಕೇಳದೆ ಆಳೆತ್ತರ ಬೆಳೆಯುವ ಭತ್ತ. ಮಳೆನೀರು ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ, ಮಳೆಗಾಲ ಮುಗಿಯುವ ಹೊತ್ತಿಗೆ ಕೊಯ್ಯುತ್ತಾರೆ. ಆಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ. ಭರತ ಇಳಿತ ನೋಡಿಕೊಂಡು ಜಂತ್ರಡಿಯ (ಒಡ್ಡಿನ ತೂಬಿನ) ಹಲಗೆ ಹಾಕಿ ತೆಗೆಯಬೇಕು. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ನೀರಿನ ಜೋರು ಹೆಚ್ಚು. ಏಡಿ ಕೊರೆದ ಸಣ್ಣ ಬಿಲವೇ ಒಡ್ಡು ಒಡೆಯಲು ಸಾಕು. ಒಂದು ಕಡೆ ಒಡ್ಡು ಒಡೆದರೆ ಒಬ್ಬನ ಗದ್ದೆ ಮಾತ್ರ ಹಾಳಾಗುವುದಿಲ್ಲ, ಇಡೀ ಬಯಲಿಗೆ ಉಪ್ಪುನೀರು ನುಗ್ಗುತ್ತದೆ. ಹಾಗಾಗಿ ಒಡ್ಡಿನ ಕೆಲಸಕ್ಕೆ ಮನೆಗೊಂದಾಳು ಹೋಗಲೇಬೇಕು. ನಮ್ಮ ಮನೆಯಿಂದ ಹೋಗುತ್ತಿದ್ದವನು ಅಪ್ಪ. ಅವನಿಗೆ ಆಗದಾದ ಮೇಲೆ ತಮ್ಮ.

ಅಪ್ಪನಿಗೆ ಎರಡೂ ಮೂತ್ರಪಿಂಡ ಕೆಟ್ಟಿವೆ. ತಮ್ಮ ಟಿಎ ಸೇರುವಾಗ ಅಪ್ಪನಿಗೆ ಬಿಪಿ, ಸಕ್ಕರೆ ಇತ್ತು ಅಷ್ಟೆ. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದು ಸಲಕ್ಕೆ ನಾಲ್ಕು ತಾಸು. ಸರ್ಕಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಯಂತ್ರ ಇಟ್ಟಿರುವುದಕ್ಕೆ ನಾವು ಬದುಕಿಕೊಂಡಿದ್ದೇವೆ, ಆ ಉಪಕಾರ ಮರೆಯುವುದಿಲ್ಲ. ಆದರೆ ಯಂತ್ರದಿಂದ ಇಳಿದ ಮನುಷ್ಯನನ್ನು ಮನೆಗೆ ಕರೆತರುವುದು ಯಾರು? ರಕ್ತದೊತ್ತಡ ಇಳಿದಿರುತ್ತದೆ, ತಲೆ ಸುತ್ತುತ್ತದೆ, ಬಸ್ಸಿನ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು. ಕೈಯಲ್ಲಿ ರಕ್ತನಾಳ ಜೋಡಿಸಿದ ಜಾಗ ಕಟ್ಟಿಕೊಂಡರೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವುದಿಲ್ಲ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ನಮ್ಮ ಜಿಲ್ಲೆಯವರಿಗೆ ಈ ನಾಲ್ಕು ಊರಿನ ಹೆಸರು ದೇವಸ್ಥಾನದ ಹೆಸರಿಗಿಂತ ಹೆಚ್ಚು ಬಾಯಿಗೆ ಬರುತ್ತವೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ನಲ್ಲಿ ಉರುಳಿ ನಾಲ್ವರು ತೀರಿಕೊಂಡರು. ಆಗ ಜಿಲ್ಲೆಗೊಂದು ಸುಸಜ್ಜಿತ ದೊಡ್ಡಾಸ್ಪತ್ರೆ ಬೇಕೆಂದು ಎದ್ದ ಕೂಗು ನಿಮ್ಮ ಕಚೇರಿಯ ಕಡತಗಳಲ್ಲೂ ಇರಬೇಕು.

ಕರಾವಳಿಯಲ್ಲಿ ಹುಟ್ಟಿ ಗಂಜಿಯಲ್ಲೇ ಬೆಳೆದ ಮನುಷ್ಯನಿಗೆ ಈಗ ನೀರು ಲೋಟದಲ್ಲಿ ಅಳೆದು ಕೊಡಬೇಕು. ಅಂಗಳದಲ್ಲಿ ತೆಂಗಿನ ಮರ ಇದೆ, ಸಿಯಾಳ ಕುಡಿಯುವ ಹಾಗಿಲ್ಲ, ಪೊಟ್ಯಾಸಿಯಂ ಏರುತ್ತದೆ. ಉಪ್ಪಿನಕಾಯಿ ಇಲ್ಲ, ಒಣಮೀನಿಲ್ಲ. ಇದನ್ನೆಲ್ಲ ನೋಡಿಕೊಳ್ಳುವವರು ಮಂಡಿ ಹಿಡಿದ ಅಮ್ಮ ಮತ್ತು ಅಂಗನವಾಡಿಗೆ ಹೋಗುವ ಮಗುವಿನ ತಾಯಿಯಾದ ತಮ್ಮನ ಹೆಂಡತಿ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದ ದಿನ ಅವಳಿಗೆ ಗದ್ದೆಯಿಲ್ಲ, ದನವಿಲ್ಲ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋಗುತ್ತಾಳೆ.

ಇದನ್ನೆಲ್ಲ ತಮ್ಮ ಅರ್ಜಿಯಲ್ಲಿ ಬರೆದ. ಡಾಕ್ಟರ ಚೀಟಿ, ಡಯಾಲಿಸಿಸ್ ಪುಸ್ತಕ, ಪಡಿತರ ಚೀಟಿ ಲಗತ್ತಿಸಿದ. ಪರಿಶೀಲನೆಯ ಪತ್ರ ಜಿಲ್ಲೆಯ ಕಡೆಗೆ ಬಂತು, ಒಂದು ಕಚೇರಿಯಿಂದ ಇನ್ನೊಂದಕ್ಕೆ ಇಳಿಯಿತು. ಕೊನೆಗೆ ಹೋದ ವರದಿಯಲ್ಲಿ ಮುಖ್ಯವಾಗಿ ಎರಡು ವಾಕ್ಯ ಇದ್ದವು. ಒಂದು: ಅರ್ಜಿದಾರರ ಸಂಬಳವೇ ಕುಟುಂಬದ ಮುಖ್ಯ ಆದಾಯವಾಗಿರುತ್ತದೆ. ಇನ್ನೊಂದು: ತಂದೆ ತಾಯಿಯನ್ನು ನೋಡಿಕೊಳ್ಳಲು ಕುಟುಂಬದಲ್ಲಿ ಬೇರೆ ಸದಸ್ಯರಿರುತ್ತಾರೆ.

ಆ ಬೇರೆ ಸದಸ್ಯೆ ನಾನು.

ವಂಶವೃಕ್ಷದಲ್ಲಿ ನನ್ನ ಹೆಸರಿದೆ, ಸುಳ್ಳಲ್ಲ. ನಾನಿರುವುದು ಘಟ್ಟದ ಮೇಲೆ. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದ ರಸ್ತೆ ಮಳೆಗಾಲದಲ್ಲಿ ಹೇಗಿರುತ್ತದೆಂದು ಜಿಲ್ಲಾಡಳಿತಕ್ಕೆ ನಾನು ಹೇಳಬೇಕಾಗಿಲ್ಲ. ಮಣ್ಣು ಕುಸಿದಾಗ ಸಂಚಾರ ನಿಲ್ಲಿಸಿ ಆದೇಶ ಹೊರಡಿಸುವವರು ನೀವೇ. ನನಗೂ ಒಂದು ಮನೆ ಇದೆ, ಹಾಸಿಗೆ ಹಿಡಿದ ಅತ್ತೆ ಇದ್ದಾರೆ. ಹಾಗಂತ ನಾನು ಕೈಕಟ್ಟಿ ಕೂತಿಲ್ಲ, ಆದಾಗಲೆಲ್ಲ ಇಳಿಯುತ್ತೇನೆ. ಆದರೆ ವಾರಕ್ಕೆ ಮೂರು ಸಲ ಘಟ್ಟ ಇಳಿದು ಹತ್ತಬೇಕಾಗುವ ಮನುಷ್ಯಳನ್ನು ‘ನೋಡಿಕೊಳ್ಳುವ ಸದಸ್ಯೆ’ ಎಂದು ಬರೆಯುವ ಮೊದಲು ಒಂದು ಫೋನಾದರೂ ಮಾಡಬಹುದಿತ್ತು.

ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬ ಗ್ರಾಮ ಆಡಳಿತಾಧಿಕಾರಿಯ ತಲೆಯ ಮೇಲೆ ಎಷ್ಟು ಹಳ್ಳಿ, ಎಷ್ಟು ಆ್ಯಪ್, ಎಷ್ಟು ಸಮೀಕ್ಷೆ ಇರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಅವರಲ್ಲಿ ಅರ್ಧ ಜನ ನನ್ನ ಅಂಗಡಿಯಲ್ಲೇ ಪ್ರಿಂಟ್ ತೆಗೆಸುತ್ತಾರೆ. ಅವರ ಕೈಗೆ ಸಿಗುವ ಮಾದರಿ ಆದಾಯ ಪ್ರಮಾಣಪತ್ರದ ಮಾದರಿ. ಅದರಲ್ಲಿ ಎಷ್ಟು ಜನ, ಎಷ್ಟು ಎಕರೆ, ಎಷ್ಟು ರೂಪಾಯಿ ಎಂಬ ಕಾಲಂಗಳಿರುತ್ತವೆ. ಸೇನೆ ಕೇಳುವ ಪ್ರಶ್ನೆಯೇ ಬೇರೆ. ಈ ಮನೆಗೆ ದುಡ್ಡಿದೆಯೇ ಎಂದು ಕೇಳಿದರೆ ನಮ್ಮ ಉತ್ತರ ‘ಇದೆ, ಮಗ ಕಳಿಸುತ್ತಾನೆ’. ಅಪ್ಪನನ್ನು ಎತ್ತಿ ಕೂರಿಸುವ, ಒಡ್ಡಿಗೆ ಮಣ್ಣು ಹೊರುವ, ರಾತ್ರಿ ಮಣಿಪಾಲಕ್ಕೆ ಗಾಡಿ ಹಿಡಿಯುವ ಕೈ ಇದೆಯೇ ಎಂದು ಕೇಳಿದರೆ ‘ಇಲ್ಲ’. ಸಂಬಳ ಬರುತ್ತಿರುವುದರಿಂದ ಕಷ್ಟವಿಲ್ಲ ಎಂದು ವರದಿ ಹೇಳುತ್ತದೆ. ಮಗ ಹೊರಗಿರುವ ತನಕ ಮಾತ್ರ ಸಂಬಳ, ಮಗ ಹೊರಗಿರುವುದೇ ಕಷ್ಟ. ಈ ಮಾದರಿಯಲ್ಲಿ ಲೆಕ್ಕ ಹಾಕಿದರೆ ಸಮವಸ್ತ್ರದಲ್ಲಿರುವ ಯಾವನ ಮನೆಯಲ್ಲೂ ಯಾವತ್ತೂ ಕಷ್ಟ ಇರಲು ಸಾಧ್ಯವಿಲ್ಲ.

ಕಾನೂನು ಬಾಗಿಲು ಮುಚ್ಚಿಲ್ಲ. ಟಿಎ ಕಾಯ್ದೆಯ 8ನೇ ಕಲಮಿನ ಪ್ರಕಾರ ಅವಧಿ ಮುಗಿದ ಮೇಲೆ ಬಿಡುಗಡೆ ಜವಾನನ ಹಕ್ಕು. ಅವಧಿಗೆ ಮುಂಚೆಯೂ ನಿಯಮದಲ್ಲಿ ಹೇಳಿದ ಅಧಿಕಾರಿ, ನಿಯಮದಲ್ಲಿ ಹೇಳಿದ ಷರತ್ತಿನ ಮೇಲೆ ಬಿಡುಗಡೆ ಮಾಡಬಹುದು. ಕರೆಯ ಮೇಲೆ ಸೇವೆಯಲ್ಲಿ ಇರುವಷ್ಟು ಹೊತ್ತು ಮಾತ್ರ ಅದನ್ನು ಹಕ್ಕೆಂದು ಕೇಳುವಂತಿಲ್ಲ. ಕಾಯಂ ಸೇನೆಯಲ್ಲೂ ಸ್ವಂತ ಕೋರಿಕೆಯ ಮೇಲೆ ಡಿಸ್ಚಾರ್ಜ್ ಎಂಬುದಿದೆ. 1954ರ ನಿಯಮಗಳ 13ನೇ ನಿಯಮ ಅದನ್ನು ಕೊಡುವ ಅಧಿಕಾರವನ್ನು ಕಮಾಂಡಿಂಗ್ ಆಫೀಸರ್ ಕೈಗೆ ಇಟ್ಟು, ಅರ್ಜಿ ಮಂಜೂರು ಮಾಡುವುದು ಯೋಗ್ಯ ಎಂದು ಮನದಟ್ಟಾಗಬೇಕು, ಘಟಕದ ಬಲ ಅತಿಯಾಗಿ ಕುಗ್ಗಬಾರದು ಎಂದು ಎರಡು ಮಾತು ಹೇಳುತ್ತದೆ. ಎರಡನೆಯದನ್ನು ಸಿಓ ಸಾಹೇಬರು ತಮ್ಮ ಹಾಜರಿ ಪುಸ್ತಕ ನೋಡಿ ತೀರ್ಮಾನಿಸಬಲ್ಲರು. ಮೊದಲನೆಯದು ಅವರಿಗೆ ಹೇಗೆ ಗೊತ್ತಾಗಬೇಕು? ಸಾವಿರಾರು ಕಿಲೋಮೀಟರ್ ಆಚೆ ಕೂತವರಿಗೆ ಅಘನಾಶಿನಿಯ ಒಡ್ಡು ಕಾಣುವುದಿಲ್ಲ. ಅವರು ಜಿಲ್ಲೆಯ ಕಣ್ಣನ್ನು ನಂಬಬೇಕು.

ಇನ್ನು ಅಗ್ನಿವೀರರಾಗಿ ಹೋಗುವ ನಮ್ಮ ಹುಡುಗರ ಪಾಡು ಇದಕ್ಕಿಂತ ಬಿಗಿ. ನಾಲ್ಕು ವರ್ಷದೊಳಗೆ ಸ್ವಂತ ಕೋರಿಕೆಯ ಮೇಲೆ ಬಿಡುಗಡೆ ಇಲ್ಲ, ತೀರಾ ಅಪವಾದದ ಸಂದರ್ಭದಲ್ಲಿ ಮಾತ್ರ ಕೊಡಬಹುದು ಎಂದು ಯೋಜನೆಯ ಷರತ್ತು. ಹಾಗೆ ಹೊರಬಂದವನಿಗೆ ಸೇವಾ ನಿಧಿಯಲ್ಲಿ ತಾನು ಕಟ್ಟಿದ್ದು ಬಡ್ಡಿ ಸಮೇತ ಬರುತ್ತದೆ, ಸರ್ಕಾರದ ಪಾಲು ಬರುವುದಿಲ್ಲ. ‘ತೀರಾ ಅಪವಾದ’ ಯಾವುದು ಎಂದು ತೀರ್ಮಾನಿಸುವಾಗಲೂ ಮೇಜಿನ ಮೇಲೆ ಇರುವುದು ಊರಿನಿಂದ ಹೋದ ಇಂಥದೇ ಒಂದು ಹಾಳೆಯಾದರೆ ಏನು ಗತಿ?

‘ನಿನ್ ತಮ್ಮ ಮಿಲ್ಟ್ರಿ ಬಿಟ್ ಬತ್ನಂತೆ, ಹೌದನೆ?’ ಎಂದು ಕೇಳುವವರು ಊರಲ್ಲೂ ಇದ್ದಾರೆ, ಶಿರಸಿ ಪೇಟೆಯಲ್ಲೂ ಇದ್ದಾರೆ. ದನಿಯಲ್ಲೇ ಓಡಿಬಂದವನು ಎಂಬ ಅರ್ಥ ಇರುತ್ತದೆ. ನಮ್ಮದು ಮೇಜರ್ ರಾಮ ರಾಘೋಬ ರಾಣೆ ಅವರ ಜಿಲ್ಲೆ. ಚೆಂಡಿಯಾದ ರಾಣೆ 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಯ ದಾರಿಯಲ್ಲಿ, ಶತ್ರುವಿನ ಗುಂಡಿನ ನಡುವೆ ನೆಲಬಾಂಬ್ ತೆಗೆದು, ಅಡ್ಡ ಬಿದ್ದ ಮರ ಸರಿಸಿ ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದವರು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆ ಇದೆ. ಅಂಥವರ ಹೆಸರು ಹೇಳಿ ಡಯಾಲಿಸಿಸ್ ರೋಗಿಯ ಮಗನನ್ನು ನಾಚಿಸುವುದು ಯಾವ ದೇಶಭಕ್ತಿಯೋ ನನಗೆ ಅರ್ಥವಾಗಿಲ್ಲ.

ಬಿಟ್ಟು ಬರುವವನು ಏನೇನು ಕಳೆದುಕೊಳ್ಳುತ್ತಾನೆ ಎಂದು ಕೇಳುವವರಿಗೆ ಗೊತ್ತಿರಲಿಕ್ಕಿಲ್ಲ. ಟಿಎ ಜವಾನನಿಗೆ ಪಿಂಚಣಿ ಸಿಗಬೇಕಾದರೆ ಕರೆಯ ಮೇಲೆ ಸಮವಸ್ತ್ರದಲ್ಲಿ ಕಳೆದ ಸೇವೆಯೇ 15 ವರ್ಷ ಆಗಬೇಕು. ಊರಲ್ಲಿದ್ದ ವರ್ಷಗಳು ಲೆಕ್ಕಕ್ಕಿಲ್ಲ. ಅದಕ್ಕೆ ಮುಂಚೆ ತಾನಾಗಿ ಬಂದರೆ ಪಿಂಚಣಿ ಇಲ್ಲ. ಪಿಂಚಣಿ ಇಲ್ಲದ ಟಿಎ ಜವಾನ, ಸೇವೆಯಿಂದ ಅಂಗವಿಕಲತೆಯಾಗಲಿ ಶೌರ್ಯ ಪದಕವಾಗಲಿ ಬಂದಿರದಿದ್ದರೆ, ಮಾಜಿ ಸೈನಿಕ ಎಂಬ ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ಸರ್ಕಾರಿ ನೌಕರಿಯ ಮೀಸಲಾತಿಯೂ ಇಲ್ಲ. ಬೆಳಗಾವಿಯ ಭರ್ತಿ ರ‍್ಯಾಲಿಗೆ ಹಿಂದಿನ ರಾತ್ರಿಯೇ ಹೋಗಿ ಫುಟ್‌ಪಾತಿನ ಮೇಲೆ ಮಲಗಿ, ಓಡಿ, ಎದೆ ಅಳೆಸಿಕೊಂಡು ಸೇರಿದ ಹುಡುಗ ಇದನ್ನೆಲ್ಲ ಸುಮ್ಮನೆ ಬಿಟ್ಟು ಬರುತ್ತಾನೆಯೇ?

ಸುಳ್ಳು ಅರ್ಜಿಗಳಿಲ್ಲ ಎಂದು ನಾನು ವಾದಿಸುವುದಿಲ್ಲ. ದುಬೈಗೆ ವೀಸಾ ಬಂದಿದೆ, ಅಪ್ಪನಿಗೆ ಹೃದಯದ ಕಾಯಿಲೆ ಎಂದು ಬರೆದುಕೊಡಿ ಎಂದು ನನ್ನ ಮುಂದೆ ಕೂತು ಕೇಳಿದವರಿದ್ದಾರೆ. ಅವರ ಅಪ್ಪ ಅದೇ ಬೆಳಿಗ್ಗೆ ಸಂತೆಯಲ್ಲಿ ಮೂಟೆ ಹೊರುತ್ತಿದ್ದುದನ್ನು ನಾನೇ ನೋಡಿದ್ದೆ. ಬರೆದುಕೊಡಲಿಲ್ಲ, ಬೇರೆ ಅಂಗಡಿಗೆ ಹೋದರು. ಮನೆಗೆ ಹೋಗಿ ನೋಡದೆ ಕೂತಲ್ಲೇ ವರದಿ ಬರೆದರೆ ಅಂಥವನೂ ನನ್ನ ತಮ್ಮನೂ ಒಂದೇ ತೂಕಕ್ಕೆ ಬರುತ್ತಾರೆ. ಕಾಗದ ಚೆನ್ನಾಗಿ ಜೋಡಿಸಿದವನು ಗೆಲ್ಲುತ್ತಾನೆ. ಹೋಗಿ ನೋಡಿದರೆ ಸುಳ್ಳುಗಾರ ಹತ್ತು ನಿಮಿಷದಲ್ಲಿ ಸಿಕ್ಕಿಬೀಳುತ್ತಾನೆ, ಸೇನೆಗೂ ಅದೇ ಬೇಕು.

ಇನ್ನು ತಡದ ವಿಷಯ. ನನಗೆ ಹೆಚ್ಚು ಭಯ ಇದರದ್ದೇ. ಅರ್ಜಿ ಹಾಕಿದ ಜವಾನ ರಜೆಯ ಮೇಲೆ ಊರಿಗೆ ಬಂದಿರುತ್ತಾನೆ. ವರದಿ ಯಾವುದೋ ಮೇಜಿನಲ್ಲಿರುತ್ತದೆ. ರಜೆ ಮುಗಿಯುವ ದಿನ ಅಪ್ಪನಿಗೆ ಉಸಿರು ಕಟ್ಟುತ್ತದೆ. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದು ಉಳಿದುಬಿಡುತ್ತಾನೆ. ಸೇನಾ ಕಾಯ್ದೆಯ 39ನೇ ಕಲಮಿನಲ್ಲಿ ರಜೆ ಮೀರಿ ಉಳಿಯುವುದು ಅಪರಾಧ, ಮೂರು ವರ್ಷದ ತನಕ ಸೆರೆವಾಸ ಆಗಬಹುದು. 30 ದಿನ ದಾಟಿದರೆ 106ನೇ ಕಲಮಿನ ಪ್ರಕಾರ ವಿಚಾರಣಾ ಮಂಡಳಿ ಕೂತು ಗೈರುಹಾಜರಿಯನ್ನು ದಾಖಲಿಸುತ್ತದೆ. ಆಮೇಲೆ ಅವನು ತಾನಾಗಿ ಹೋಗದಿದ್ದರೆ ಅಥವಾ ಸಿಗದಿದ್ದರೆ ಆ ದಾಖಲೆಯ ಮೇಲೆಯೇ ಪಲಾಯನ ಮಾಡಿದವನೆಂದು ಲೆಕ್ಕ. ಕ್ರಮವಾಗಿ ಕೇಳಿಕೊಂಡು ಹೊರಬರಲು ಹೊರಟವನನ್ನು ಊರ ಕಚೇರಿಯ ತಡವೊಂದೇ ಅಪರಾಧಿಯ ಸಾಲಿಗೆ ತಂದು ನಿಲ್ಲಿಸಬಲ್ಲದು. ಜಾತಿ ಪ್ರಮಾಣಪತ್ರಕ್ಕೆ ಇಷ್ಟು ದಿನ, ಖಾತೆ ಬದಲಾವಣೆಗೆ ಇಷ್ಟು ದಿನ ಎಂದು ಸಕಾಲದ ಬೋರ್ಡಿನಲ್ಲಿ ಬರೆದಿರುತ್ತದೆ. ಸೇನೆಯಿಂದ ಬಂದ ಪರಿಶೀಲನಾ ಪತ್ರಕ್ಕೆ ದಿನ ಗೊತ್ತುಪಡಿಸಿದ್ದನ್ನು ನಾನು ನಮ್ಮ ಕಡೆಯ ಯಾವ ಕಚೇರಿಯ ಬೋರ್ಡಿನಲ್ಲೂ ಓದಿಲ್ಲ.

ಬೇರೆ ದೇಶದವರು ಇದನ್ನು ಹೇಗೆ ನೋಡುತ್ತಾರೆ ಎಂದು ಹುಡುಕಿದೆ. ಅಮೆರಿಕದ ಸೇನೆಯಲ್ಲೂ ಅವರ ಮೀಸಲು ಪಡೆಗಳಲ್ಲೂ ಮನೆಯ ಸಂಕಷ್ಟದ ಮೇಲೆ ಬಿಡುಗಡೆ ಕೊಡಲು ಏನೇನು ನೋಡಬೇಕು ಎಂಬುದು ಬರಹದಲ್ಲಿದೆ. ಕಷ್ಟ ತಾತ್ಕಾಲಿಕವಾಗಿರಬಾರದು. ಸೇವೆಗೆ ಸೇರಿದ ಮೇಲೆ ಹುಟ್ಟಿದ್ದಾಗಿರಬೇಕು, ಇಲ್ಲವೇ ಸೇರಿದ ಮೇಲೆ ವಿಪರೀತಕ್ಕೆ ಹೋಗಿರಬೇಕು. ಅದನ್ನು ಸರಿಪಡಿಸಲು ಅವನು ತನ್ನ ಕೈಲಾದದ್ದನ್ನೆಲ್ಲ ಮಾಡಿರಬೇಕು. ಬಿಡುಗಡೆ ಕೊಟ್ಟರೆ ಕಷ್ಟ ನಿಜಕ್ಕೂ ಕಡಿಮೆಯಾಗಬೇಕು, ಬೇರೆ ದಾರಿಯೂ ಇರಬಾರದು. ಅವರು ಧಾರಾಳಿಗಳೇನಲ್ಲ, ಈ ಜರಡಿಯಲ್ಲಿ ಬಹಳ ಅರ್ಜಿ ಉದುರಿಹೋಗುತ್ತವೆ. ಆದರೆ ಅರ್ಜಿ ಬರೆಯುವವನಿಗೆ ಏನು ತೋರಿಸಬೇಕೆಂದು ಗೊತ್ತಿರುತ್ತದೆ, ಪರಿಶೀಲಿಸುವವನಿಗೆ ಏನು ನೋಡಬೇಕೆಂದು ಗೊತ್ತಿರುತ್ತದೆ. ನನ್ನ ಅಂಗಡಿಗೆ ಬಂದ ಯಾವ ಜವಾನನ ಮನೆಯವರ ಕೈಯಲ್ಲೂ ಅಂಥದೊಂದು ಕನ್ನಡದ ಹಾಳೆ ಇರಲಿಲ್ಲ. ಇಂಗ್ಲಿಷ್ ಅರ್ಜಿಯ ನಕಲೊಂದನ್ನು ಯಾರದ್ದೋ ವಾಟ್ಸ್‌ಆ್ಯಪ್‌ನಿಂದ ತಂದಿರುತ್ತಾರೆ, ಹೆಸರು ಬದಲಿಸಿ ಕೊಡಿ ಅನ್ನುತ್ತಾರೆ. ಬಿಹಾರದ ಯಾವುದೋ ಹಳ್ಳಿಯ ಕಷ್ಟವನ್ನೇ ಹೊನ್ನಾವರದವರು ಕಳಿಸಿದರೆ ಓದುವ ಅಧಿಕಾರಿಗೆ ನಂಬಿಕೆ ಎಲ್ಲಿಂದ ಬರಬೇಕು?

ಜಿಲ್ಲಾಧಿಕಾರಿಗಳೇ, ನನ್ನ ಮೊದಲ ಕೋರಿಕೆ ಮನೆಗೆ ಹೋಗಿ ನೋಡುವುದರ ಬಗ್ಗೆ. ಸೇನೆಯಿಂದ ಬರುವ ಇಂಥ ಪತ್ರಗಳು ದಿನಾ ಬರುವಂಥವಲ್ಲ. ಪತ್ರ ಬಂದ 15 ದಿನದೊಳಗೆ ಒಬ್ಬ ಕಂದಾಯ ನಿರೀಕ್ಷಕರು ಮನೆಗೆ ಹೋಗಬೇಕು, ಜೊತೆಗೆ ಊರ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರನ್ನೋ ಕರೆದುಕೊಳ್ಳಬೇಕು. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಕಡತಕ್ಕೂ ಗೊತ್ತಿರುವುದಿಲ್ಲ. ವರದಿಯಲ್ಲಿ ಆದಾಯದ ಜೊತೆಗೆ ಇನ್ನೊಂದು ಭಾಗ ಇರಲಿ: ಈ ಮನೆಯಲ್ಲಿ ದಿನಾ ವಾಸವಿರುವವರು ಯಾರು, ಅವರ ವಯಸ್ಸೆಷ್ಟು, ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಅವರು ಹೋದಾಗ ಮನೆಯಲ್ಲಿ ಉಳಿಯುವವರು ಯಾರು. ‘ಬೇರೆ ಸದಸ್ಯರಿದ್ದಾರೆ’ ಎಂದು ಬರೆಯುವುದಾದರೆ ಆ ಸದಸ್ಯರ ಹೆಸರು, ಊರು, ಅವರನ್ನು ಕೇಳಿದ ದಿನಾಂಕ ಬರೆಯಲಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಆಸ್ತಿ ಪಾಲಿನ ಹೊತ್ತಿಗೆ ಹೊರಗಿನವರೆಂದು, ಇಂಥ ವರದಿಯ ಹೊತ್ತಿಗೆ ಮನೆಯವರೆಂದು ಎಣಿಸುವ ಚಾಳಿ ನಿಲ್ಲಲಿ. ವರದಿಯ ಒಂದು ಪ್ರತಿ ಮನೆಯವರಿಗೂ ಸಿಗಲಿ. ನಮಗೆ ನಮ್ಮ ವರದಿ ಓದಲು ಸಿಕ್ಕಿದ್ದು ತಮ್ಮನ ಕಡೆಯಿಂದ, ತೀರಾ ತಡವಾಗಿ.

ಸೇನೆಯ ಅಧಿಕಾರಿಗಳಲ್ಲಿ ಕೇಳುವುದು ಇಷ್ಟೇ. ಜಿಲ್ಲೆಯ ಕಡೆಯಿಂದ ಉತ್ತರ ಬಾಕಿ ಇರುವಾಗ ಜವಾನನ ರಜೆ ಮುಗಿದರೆ, ತಡ ಅವನದಲ್ಲ ಎಂಬುದನ್ನು ನೆನಪಿಟ್ಟು ರಜೆ ಮುಂದುವರಿಸಿ. ಪೂರ್ತಿ ಡಿಸ್ಚಾರ್ಜ್ ಕೊಡುವ ಮೊದಲು, ಒಂದೆರಡು ವರ್ಷ ಸೇವಾ ಕರೆಯಿಂದ ಬಿಟ್ಟು ಊರಲ್ಲಿರಲು ಬಿಡಬಹುದೇ ಎಂದೂ ನೋಡಿ. ಟಿಎ ಎಂಬ ಪಡೆ ನಿಂತಿರುವುದೇ ಹೀಗೆ ಹೋಗಿ ಬರುವುದರ ಮೇಲೆ. ತರಬೇತಿ ಪಡೆದ ಜವಾನ ಪಟ್ಟಿಯಲ್ಲಿ ಉಳಿಯುತ್ತಾನೆ, ಮನೆಯೂ ಉಳಿಯುತ್ತದೆ. ನನ್ನ ತಮ್ಮನನ್ನೇ ಕೇಳಿದರೆ ಅವನು ಆರಿಸಿಕೊಳ್ಳುವುದು ಇದನ್ನೇ. ಮತ್ತೆ ಅರ್ಜಿಗೆ ಬೇಕಾದ ದಾಖಲೆ, ನೋಡುವ ಅಂಶ, ಕಳೆದುಕೊಳ್ಳುವ ಸೌಲಭ್ಯ ಇವನ್ನೆಲ್ಲ ಕನ್ನಡದ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡಿ. ಬೇಕಾದರೆ ನಾನು ಪುಕ್ಕಟೆ ಟೈಪ್ ಮಾಡಿಕೊಡುತ್ತೇನೆ.

ಇನ್ನೊಂದು ಮಾತು, ಇದು ಕಾಯ್ದೆ ಮಾಡುವವರಿಗೆ. ಟಿಎ ಕಾಯ್ದೆಯ 7ಎ ಕಲಮು ಸೇವೆ ಮುಗಿಸಿ ಬಂದವನನ್ನು ಹಳೇ ನೌಕರಿಗೆ ಮರಳಿ ತೆಗೆದುಕೊಳ್ಳುವುದು ಮಾಲೀಕನ ಹೊಣೆ ಎನ್ನುತ್ತದೆ. ಒಳ್ಳೆಯ ಕಾನೂನು. ಕಾರ್ಖಾನೆಯಲ್ಲಿ, ಬ್ಯಾಂಕಿನಲ್ಲಿ ಕೆಲಸ ಇದ್ದವನಿಗೆ ಅದರಿಂದ ಧೈರ್ಯ. ಗಜನಿಯ ರೈತನಿಗೆ, ದೋಣಿಯ ಪಾಲುದಾರನಿಗೆ, ಶಿರಸಿ ಸಿದ್ದಾಪುರದ ಎರಡೆಕರೆ ಅಡಿಕೆ ತೋಟದವನಿಗೆ ಮಾಲೀಕ ಯಾರು? ಮಳೆಗಾಲದಲ್ಲಿ ಮದ್ದು ಹೊಡೆಯದೆ ಕೊಳೆ ಬಂದ ಅಡಿಕೆಗೊನೆಯನ್ನು ಯಾವ ಕಲಮೂ ಮರಳಿ ಕೊಡುವುದಿಲ್ಲ. ಕರಾವಳಿ, ಮಲೆನಾಡಿನಿಂದ ಟಿಎಗೆ ಹೋಗುವ ಹುಡುಗರಲ್ಲಿ ಇಂಥವರೂ ಇದ್ದಾರೆ. ಅವರು ಸೇವೆಯಲ್ಲಿದ್ದಾಗ ಒಡ್ಡಿನ ಕೆಲಸಕ್ಕೋ ಮದ್ದು ಹೊಡೆಸಲಿಕ್ಕೋ ಉದ್ಯೋಗ ಖಾತ್ರಿಯಿಂದಲೋ ಪಂಚಾಯಿತಿಯಿಂದಲೋ ಆಳು ಸಿಗುವ ಒಂದು ವ್ಯವಸ್ಥೆ ಆದರೆ, ಬಿಡುಗಡೆ ಕೇಳುವ ಅರ್ಜಿಗಳೇ ಎಷ್ಟೋ ಕಡಿಮೆಯಾದಾವು.

ತಮ್ಮನ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಮರುಪರಿಶೀಲನೆ ಮಾಡಿ ಎಂದು ಮನೆಯಿಂದ ಮನವಿ ಕೊಟ್ಟಿದ್ದೇವೆ, ಸ್ವೀಕೃತಿ ಸಿಕ್ಕಿದೆ. ಯಾರಾದರೂ ಬರುವುದಿದ್ದರೆ ಒಂದು ವಿಷಯ ತಿಳಿದಿರಲಿ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ತಮ್ಮನ ಹೆಂಡತಿ ಅಪ್ಪನ ಜೊತೆ ಆಸ್ಪತ್ರೆಯಲ್ಲಿರುತ್ತಾಳೆ. ಬಾಗಿಲು ತಟ್ಟಿದರೆ ಅಮ್ಮ ಎದ್ದು ಬಂದು ತೆರೆಯಲು ಹೊತ್ತು ಹಿಡಿಯುತ್ತದೆ, ದಯವಿಟ್ಟು ‘ಮನೆಯಲ್ಲಿ ಯಾರೂ ಇರಲಿಲ್ಲ’ ಎಂದು ಬರೆದುಕೊಂಡು ಹೊರಡಬೇಡಿ. ಉಳಿದ ದಿನ ಯಾವಾಗ ಬಂದರೂ ಸರಿ, ಗಾಡಿ ಗಜನಿಯ ಒಡ್ಡಿನ ತನಕ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಟಿಎ ಜವಾನನ ಅಕ್ಕ
ಶಿರಸಿ